ಹೂ ಮುಡಿದ ಕೋವಿ

ರಸ್ತೆಯಲ್ಲಿ ಟೈರ್ ಸಿಡಿದರೆ ನಾನು ಈಗಲೂ ಮೊದಲು ಮೂಗು ಮುಟ್ಟಿ ನೋಡಿಕೊಳ್ಳುತ್ತೇನೆ. ಫರೀದಾಬಾದಿನ ಆ ಮನೆಯಲ್ಲಿ ಕೋವಿಯ ನಳಿಗೆ ಬಂದು ನಿಂತದ್ದು ಸರಿಯಾಗಿ ಅದರ ನೇರಕ್ಕೆ.

ತಪ್ಪೆಲ್ಲ ಒಂದು ಸಿನಿಮಾದ್ದು. ನನ್ನ ಗೆಳತಿ, ಅವಳ ಹುಡುಗ, ನಾನು ಮೂವರೂ ಗ್ರೇಟರ್ ನೋಯ್ಡಾದ ಒಂದೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆವು. ಅವಳು ಕೊಡಗಿನವಳು, ಸೇನೆಯಿಂದ ನಿವೃತ್ತರಾಗಿ ಫರೀದಾಬಾದಿನಲ್ಲಿ ನೆಲೆಸಿದವರ ಮಗಳು. ಅವನು ಮೀರತ್ ಕಡೆಯವನು, ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಮಿಠಾಯಿ ಅಂಗಡಿಯವರ ಮಗ. ಮದುವೆಯ ಮಾತು ಎರಡೂ ಮನೆಗಳಲ್ಲಿ ಎದ್ದಿರಲಿಲ್ಲ, ಅಷ್ಟರಲ್ಲಿ ಅವಳು ಬಸಿರಾದಳು. ಮಗು ಬೇಕು ಎಂದು ಆಗಲೇ ನಿರ್ಧರಿಸಿದ್ದಳು. ಅಪ್ಪ ಮುಖ ತಿರುಗಿಸಿಬಿಟ್ಟರೆ ಎಂಬುದೊಂದೇ ಅವಳ ಭಯ.

ಮನಸ್ಸು ಹಗುರಾಗಲಿ ಎಂದು ಸಿನಿಮಾಕ್ಕೆ ಕರೆದುಕೊಂಡು ಹೋದರೆ ಅಲ್ಲೂ ಇದೇ ಕಥೆ. ಜರ್ಮನಿಯ ಹುಡುಗ, ಲಖನೌದ ಹುಡುಗಿ, ಹೇಳದೆ ಕೇಳದೆ ಬಂದ ಮಗು. ಹುಡುಗ ಲಾಡು ಡಬ್ಬಿ ಹಿಡಿದು ಹುಡುಗಿಯ ಮನೆಗೆ ಹೋಗಿ ಎಲ್ಲ ಹೇಳುತ್ತಾನೆ. ಅಪ್ಪ ಸೋಫಾ ಮೇಲೆ ದೊಪ್ಪನೆ ಬೀಳುತ್ತಾನೆ, ಎದ್ದು ಅಪ್ಪಿಕೊಳ್ಳುತ್ತಾನೆ, ಆಮೇಲೆ ಇಡೀ ಬೀದಿ ಕುಣಿಯುತ್ತದೆ.

"ಬಸ್, ಯಹೀ ಕರೇಂಗೇ," ಎಂದ ನಮ್ಮ ಹುಡುಗ, ಪಾಪ್‌ಕಾರ್ನ್ ಅಗಿಯುತ್ತ. ನಾವೂ ಇದನ್ನೇ ಮಾಡುವುದಂತೆ.

"ಆ ಅಪ್ಪನದು ಸೀರೆ ಅಂಗಡಿ ಕಣೋ," ಎಂದೆ ನಾನು. ಅವನಿಗೆ ಅರ್ಥವಾಗಲಿಲ್ಲ.

ಅಪ್ಪ ಖುಷಿಯಾಗಿರುತ್ತಾರೆ ಎಂದು ಗೆಳತಿ ಹಬ್ಬದ ದಿನವನ್ನೇ ಆರಿಸಿದಳು. ಎಂಥ ಹಬ್ಬ ಎಂದು ಮಾತ್ರ ಅವನಿಗೆ ಹೇಳಲಿಲ್ಲ. ಅದು ಕೈಲ್ ಮುಹೂರ್ತ, ಕೊಡಗಿನವರು ಆಯುಧ ಪೂಜಿಸುವ ಹಬ್ಬ. ಪೂಜೆಯಾದ ಮೇಲೆ ಮನೆಯ ಹಿರಿಯರು ಕೋವಿಯನ್ನು ಕಿರಿಯರ ಕೈಗೆ ಕೊಟ್ಟು ಹರಸುತ್ತಾರೆ. ಇದು ನನಗೂ ಆಮೇಲೆ ತಿಳಿದದ್ದು.

ಗೆಳತಿ ಹಿಂದಿನ ರಾತ್ರಿಯೇ ಮನೆ ಸೇರಿದ್ದಳು. ಬಾಗಿಲು ತೆರೆದಿತ್ತು. ಲಾಡು ಡಬ್ಬಿ ಹಿಡಿದ ಹುಡುಗ ಮುಂದೆ, ನಾನು ಹಿಂದೆ. ಒಳಗೆ ದೀಪದ ಪಕ್ಕದಲ್ಲಿ ಅವಳ ಅಪ್ಪ, ಮೀಸೆ, ಕೈಯಲ್ಲಿ ಹೂ ಮುಡಿದ ಕೋವಿ. ಗಂಡು ಮಕ್ಕಳಿಲ್ಲದ ಮನೆ, ಹಬ್ಬದ ದಿನ ಒಬ್ಬ ಯುವಕ ತಾನಾಗಿ ಬಂದಿದ್ದಾನೆ ಎಂದು ಅವರಿಗೆ ಸಂತೋಷ. ಕೋವಿ ಎತ್ತಿಕೊಂಡು ಎರಡು ಹೆಜ್ಜೆ ಬಂದರು.

"ಆವೋ ಬೇಟಾ. ತುಮ್ಹಾರಾ ಹೀ ಇಂತಜಾರ್ ಥಾ," ಎಂದರು, ಬಾ ಮಗ, ನಿನಗಾಗಿಯೇ ಕಾಯುತ್ತಿದ್ದೆ ಎಂದು.

ಹುಡುಗ ನನ್ನ ಬೆನ್ನ ಹಿಂದೆ ಸೇರಿಕೊಂಡ. ನನ್ನ ದುಪಟ್ಟಾ ಹಿಡಿದು, "ಅಂಕಲ್‌ಜೀ, ಶಾದಿ ಕರ್ನೇ ಹೀ ಆಯಾ ಹೂಂ. ಬಚ್ಚೇ ಕಾ ತೋ ಸೋಚಿಯೇ," ಎಂದ. ಮದುವೆಯಾಗಲೆಂದೇ ಬಂದಿದ್ದಾನಂತೆ, ಮಗುವಿನ ಬಗ್ಗೆಯಾದರೂ ಯೋಚಿಸಬೇಕಂತೆ.

ಆ ಕ್ಷಣದವರೆಗೆ ಅಲ್ಲಿ ಯಾವ ಅಪಾಯವೂ ಇರಲಿಲ್ಲ. ಅವನು ಬಾಯಿ ಬಿಟ್ಟ ಮೇಲೆ ಶುರುವಾಯಿತು.

ಅವರು ಮಗಳ ಕಡೆ ತಿರುಗಿದರು. ಕೋವಿ ತಿರುಗಲಿಲ್ಲ, ನನ್ನ ಮೂಗಿನ ಮುಂದೆಯೇ ಉಳಿಯಿತು.

"ಯಾವ ಮಗು?"

"ನನ್ನದು, ಪಪ್ಪ," ಎಂದಳು ಅವಳು. "ನಂಗೆ ಬೇಕು. ಇವನೂ ಬೇಕು. ಇಷ್ಟು ಪುಕ್ಕಲ ಅಂತ ಗೊತ್ತಿರಲಿಲ್ಲ."

ಅಡುಗೆಮನೆಯಿಂದ ಅವಳ ಅಮ್ಮ ಸೌಟು ಹಿಡಿದೇ ಬಂದರು. "ನಂಗೆ ಬೆಳಿಗ್ಗೆಯೇ ಅನುಮಾನ ಬಂತು. ಪಂದಿ ಕರಿ ವಾಸನೆಗೆ ಎದ್ದು ಓಡಿದವಳು ನನ್ನ ಮಗಳಾ ಅಂತ."

ಗೆಳತಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು, ನಾನು ನಳಿಗೆಯನ್ನು. ಅದಕ್ಕೆ ಸಿಕ್ಕಿಸಿದ್ದ ಹೂವಿನ ಎಸಳುಗಳು ಕೆಂಪು ಹಳದಿಯಾಗಿ ಬೆಂಕಿಯ ಹಾಗಿದ್ದವು. ಇಷ್ಟು ಹತ್ತಿರದಿಂದ ನಾನು ಯಾವ ಹೂವನ್ನೂ ನೋಡಿರಲಿಲ್ಲ.

"ಅವಳ ಹಿಂದೆ ನಿಂತು ಹೇಳಿದ್ದನ್ನು ಮುಂದೆ ಬಂದು ಹೇಳಲಿಕ್ಕೆ ಹೇಳು," ಎಂದರು ಅಪ್ಪ ಕೊನೆಗೆ.

ಮಗಳು ಹಿಂದಿಯಲ್ಲಿ ಹೇಳಿದಳು. ಹುಡುಗ ಮುಂದೆ ಬಂದು ಇನ್ನೊಮ್ಮೆ ಹೇಳಿದ. ಈ ಸಲ ದುಪಟ್ಟಾ ಹಿಡಿದಿರಲಿಲ್ಲ. ಅವರು ಕೋವಿಯನ್ನು ಅವನ ಎರಡೂ ಕೈಗಳ ಮೇಲೆ ಇಟ್ಟರು. ಲಾಡು ಡಬ್ಬಿ ಕೆಳಗೆ ಬಿತ್ತು. ನಳಿಗೆ ಮತ್ತೆ ನನ್ನ ಕಡೆಗೇ ಹೊರಳಿತು.

"ಹುಟ್ಟಿದಾಗ ಒಂದು ಗುಂಡು ಹಾರಿಸಬೇಕು, ನಮ್ಮ ಪದ್ಧತಿ," ಎಂದರು ಹೆಂಡತಿಗೆ, ಬಹಳ ಯೋಚನೆಯಿಂದ. "ಇಲ್ಲಿ ಹಾರಿಸಿದ್ರೆ ಇಡೀ ಸೆಕ್ಟರಿನವರು ಪೊಲೀಸರನ್ನ ಕರೀತಾರೆ. ಏನು ಮಾಡೋದು?"

ಗೆಳತಿ ಅಲ್ಲೇ ಕುರ್ಚಿಯಲ್ಲಿ ಕುಸಿದು ಅತ್ತಳು, ಆಮೇಲೆ ನಕ್ಕಳು. ಕೋವಿಯಲ್ಲಿ ತೋಟಾ ಇಲ್ಲ ಎಂಬುದನ್ನು ಅವರು ನನಗೆ ಹೇಳಿದ್ದು ಊಟಕ್ಕೆ ಕೂತ ಮೇಲೆ.

ಹೆಣ್ಣು ಮಗು ಹುಟ್ಟಿತು. ದಿಲ್ಲಿಯ ಸುತ್ತಮುತ್ತ ನಿಷೇಧ, ಪಟಾಕಿಯನ್ನೂ ಹೊಡೆಯುವ ಹಾಗಿರಲಿಲ್ಲ. ನರ್ಸಿಂಗ್ ಹೋಮಿನ ಗೇಟಿನ ಹೊರಗೆ ಅಳಿಯ ಒಂದು ಪಾಪ್‌ಕಾರ್ನ್ ಪೊಟ್ಟಣಕ್ಕೆ ಗಾಳಿ ಊದಿ ಹಿಡಿದ, ಮಾವ ಗಂಭೀರವಾಗಿ ಅಂಗೈಯಿಂದ ಬಡಿದು ಸಿಡಿಸಿದರು. ಇಬ್ಬರೂ ಕೈ ಕುಲುಕಿದರಂತೆ. ನಾನು ನೋಡಲಿಲ್ಲ, ಆಟೋದ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದೆ.