ಬಿಚ್ಚಿ ನೋಡದ ಕೀಲು

ಕೀಲನ್ನು ನಾನು ಬಿಚ್ಚಿ ನೋಡಿರಲಿಲ್ಲ. ನೋಡಿದ್ದೇನೆಂದು ಎರಡು ಸಲ ಹೇಳಿದೆ — ಒಮ್ಮೆ ಅಣ್ಣನಿಗೆ, ಒಮ್ಮೆ ಪೊಲೀಸ್ ಫೌಜದಾರರಿಗೆ. ಎರಡೂ ಸುಳ್ಳು. ಆ ಸುಳ್ಳಿನಿಂದ ನಮ್ಮಣ್ಣ ಬಸಪ್ಪ ಆರು ತಿಂಗಳು ಜೇಲಿನಲ್ಲಿದ್ದ. ನಾನು ಕಲಿತದ್ದು ಮೂರನೆಯ ಇಯತ್ತೆ. ಅಕ್ಷರ ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ಸಂಗತಿಯಲ್ಲಿ ಮಾತ್ರ ಇನ್ನು ತಪ್ಪಿರಬಾರದು.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು. ನಮ್ಮ ಬಸ್ಸಿಗೆ ಇದ್ದಿಲ ಒಲೆಯನ್ನು ಎರಡು ಗಾಲಿಯ ಸಣ್ಣ ಗಾಡಿಯ ಮೇಲೆ ಕೂಡಿಸಿ ಹಿಂದೆ ಜೋಡಿಸಿದ್ದರು. ಬಸ್ಸಿಗೂ ಆ ಗಾಡಿಗೂ ನಡುವೆ ಗೇಣುದ್ದದ ಒಂದು ಕಬ್ಬಿಣದ ಕೀಲು — ಅದೊಂದೇ ಆಧಾರ. ಅಣ್ಣ ಡ್ರೈವರ್, ನಾನು ಕ್ಲೀನರ್. ದಿನಾ ಬೆಳಿಗ್ಗೆ ಕೀಲನ್ನು ಹೊರಗೆಳೆದು, ಚಿಂದಿಯಿಂದ ಒರೆಸಿ, ಸವೆದಿದೆಯೋ ಸೀಳಿದೆಯೋ ಎಂದು ಉಗುರಿನಿಂದ ಗೀರಿ ನೋಡಿ, ಗ್ರೀಸು ಹಚ್ಚಿ ತಿರುಗಿ ಹಾಕುವುದು ನನ್ನ ಕೆಲಸ.

ಆ ವರ್ಷ ದಸರೆಯ ಖಂಡೇಪೂಜೆಯ ದಿನ ಅವ್ವ, ಶಿಗ್ಗಾವಿಯ ನಮ್ಮ ಮನೆಯ ಮುಂದೆ ನಿಂತ ಬಸ್ಸನ್ನೂ ಗಾಡಿಯನ್ನೂ ಪೂಜಿಸಿ, ಕೀಲಿಗೂ ವಿಭೂತಿ ಬಳಿದು, ದಾರ ಸುತ್ತಿ ಹೂ ಕಟ್ಟಿದಳು. ಪೂಜೆ ಮಾಡಿದ ಕಬ್ಬಿಣವನ್ನು ಮರುದಿನ ಬನ್ನಿ ಹಂಚುವ ತನಕ ಕದಲಿಸಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಆದರೆ ಮರುದಿನ ಬೆಳಿಗ್ಗೆ ಬಸ್ಸಿನ ಮಾಲಕರು ಹೇಳಿಕಳಿಸಿದರು — ತಮ್ಮ ಬೀಗರನ್ನು ಹಾನಗಲ್ಲಿಗೆ ಮುಟ್ಟಿಸಬೇಕು. ನಾನು ಕೀಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. ದಾರ ಹರಿಯಬೇಕಿತ್ತು. ಹರಿಯಲಿಲ್ಲ. ದೇವರ ಅಂಜಿಕೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಬಸ್ಸೇ ಹೊರಟು ನಿಂತಾಗ ಕೀಲೊಂದಕ್ಕೆ ಯಾವ ಮಡಿ? ಮೈಮೇಲೆ ಹೊಸ ಅಂಗಿ ಇತ್ತು, ಗ್ರೀಸು ಹತ್ತೀತೆಂದು ಬಿಟ್ಟೆ — ನಿಜ ಅಷ್ಟೇ.

"ಕೀಲ ಎಳದ ನೋಡಿದ್ಯೋ, ಇಲ್ಲಾ ಅದಕ್ಕೂ ಹೋಳಿಗಿ ಎಡಿ ಹಿಡದು ಕೈ ಮುಗದು ಬಂದ್ಯೋ?" ಅಣ್ಣ ನಗುತ್ತ ಕೇಳಿದ.

"ನೋಡೇನಿ ಅಣ್ಣಾ, ನಡಿ."

ಬಂಕಾಪುರ ದಾಟಿ ಏರು ಹತ್ತುವಾಗ ಹಿಂದೆ ಟಣ್ ಎಂದಿತು. ಎಂಜಿನ್ನು ಸತ್ತಿತು. ಹಿಂಬಾಗಿಲಲ್ಲಿ ನಿಂತಿದ್ದ ನಾನು, ಗಾಡಿ ಕಳಚಿಕೊಂಡು ಇಳಿಜಾರಿಗೆ ಉರುಳುವುದನ್ನು ಕಂಡೆ. ಕೆಳಗೆ ಒಬ್ಬ ಮುದುಕ ಬನ್ನಿಸೊಪ್ಪಿನ ಹೊರೆ ಹೊತ್ತು, ತಲೆ ತಗ್ಗಿಸಿ ಏರು ಹತ್ತುತ್ತಿದ್ದ. ಗಾಡಿ ಅವನ ಮೇಲೆಯೇ ಮಗುಚಿತು. ನಾವು ಓಡಿ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ.

ಎಲ್ಲರೂ ಅವನ ಸುತ್ತ ನಿಂತಾಗ ನಾನು ತಿರುಗಿ ಬಂದು ಕೀಲನ್ನು ಹುಡುಕಿದೆ. ಎರಡು ತುಂಡು. ಮುರಿದಲ್ಲಿ ಮುಕ್ಕಾಲು ಭಾಗ ಕಪ್ಪು, ಉಳಿದಷ್ಟು ಮಾತ್ರ ಹೊಳಪು — ಹಳೆಯ ಸೀಳು. ಒರೆಸಿದ್ದರೆ ಕುರುಡನ ಬೆರಳಿಗೂ ಸಿಗುತ್ತಿತ್ತು. ತುಂಡುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಂದು ಸಂಜೆಯೇ ಬಂಕಾಪುರದ ಕೋಟೆಯ ಕಂದಕಕ್ಕೆ ಎಸೆದೆ.

ಫೌಜದಾರರು ಬಂದು ಕೇಳಿದಾಗ ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ಕೀಲ ಚಲೋ ಇತ್ರಿ ಸಾಹೇಬ್ರ. ನಮ್ಮ ತಮ್ಮ ಮುಂಜಾನೆ ನೋಡ್ಯಾನ್ರಿ. ಅವ ಸುಳ್ಳ ಹೇಳಾಂವಲ್ಲ."

ಅವರು ನನ್ನತ್ತ ತಿರುಗಿದರು. "ನೋಡೇನ್ರಿ," ಎಂದೆ.

ಕೀಲು ಸರಿಯಿತ್ತು ಎಂದಾದ ಮೇಲೆ ತಪ್ಪು ಓಡಿಸಿದವನದು. ಅಡ್ಡಾದಿಡ್ಡಿ ಜಗ್ಗಿದ್ದಕ್ಕೆ ಕೀಲು ಹಾರಿ ಎಲ್ಲೋ ಬಿದ್ದಿದೆ ಎಂದು ಬರೆದುಕೊಂಡರು. ಅಣ್ಣನ ಲೈಸನ್ಸು ಹೋಯಿತು, ಅಣ್ಣನೂ ಹೋದ. ಭೆಟ್ಟಿಗೆಂದು ಜೇಲಿಗೆ ಹೋದಾಗ ಅವನು ನನಗೇ ಸಮಾಧಾನ ಹೇಳಿದ. "ಏರಿನಾಗ ನಾನ ದಬಕ್ಕನ ಜಗ್ಗಿಬಿಟ್ಟೆ ಕಾಣಸ್ತೈತಿ ತಮ್ಮಾ. ಮುದುಕನ್ನ ನಾನ ಕೊಂದೆ."

ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಅವನ ಕೈಗಿಟ್ಟು ಎದ್ದು ಬಂದೆ.

ಯುದ್ಧ ಮುಗಿದು ಮೂರು ವರ್ಷವಾಯಿತು. ಅಣ್ಣ ದುಂಡಸಿಯಲ್ಲಿ ಕಂಡವರ ಹೊಲದಲ್ಲಿ ದುಡಿಯುತ್ತಾನೆ. ಎತ್ತಿನ ಗಾಡಿಯನ್ನೂ ಹೊಡೆಯುವುದಿಲ್ಲ. ಸಂತೆಗೆ ತಲೆಯ ಮೇಲೆಯೇ ಚೀಲ ಹೊತ್ತು ಹೋಗುತ್ತಾನೆ. ಪ್ರತಿ ದಸರೆಗೂ ಆ ಮುದುಕನ ಮನೆಗೆ ಹೋಗಿ ಅಂಗಳದಲ್ಲಿ ಸುಮ್ಮನೆ ಕುಳಿತು ಬರುತ್ತಾನೆ. ಅಣ್ಣ ಓಡಿಸುತ್ತಿದ್ದ ಬಸ್ಸಿಗೆ ನಾನು ಡ್ರೈವರ್. ಇದ್ದಿಲ ಗಾಡಿ ಈಗ ಇಲ್ಲ. ಆದರೂ ಏರಿನಲ್ಲಿ ಹಿಂದೆ ಏನಾದರೂ ಸದ್ದಾದರೆ ಬಸ್ಸು ನಿಲ್ಲಿಸಿ ಇಳಿಯುತ್ತೇನೆ.

ಇವತ್ತು ಬಸ್ಸನ್ನು ಮಾಲಕರಿಗೆ ಒಪ್ಪಿಸಿ ಬಂದಿದ್ದೇನೆ. ನಾಳೆ ದುಂಡಸಿಗೆ ಹೋಗುತ್ತೇನೆ. ಅಣ್ಣನಿಗೆ ಓದಲು ಬರದು, ಇದನ್ನೆಲ್ಲ ನಾನೇ ಅವನ ಮುಂದೆ ಓದಬೇಕು. ಹೊಡೆದರೆ ಹೊಡೆಸಿಕೊಂಡೇನು. "ಇರಲಿ ಬಿಡೋ" ಎಂದುಬಿಟ್ಟರೆ — ಅದಕ್ಕೇ ನನಗೆ ಹೆಚ್ಚು ಭಯ. ಏನೇ ಅನ್ನಲಿ, ಅಲ್ಲಿಂದ ಮುದುಕನ ಮನೆಗೆ, ಆಮೇಲೆ ಠಾಣೆಗೆ. ಅಣ್ಣ ಜೊತೆಗೆ ಬರುತ್ತೇನೆಂದರೂ ಬೇಡ ಎನ್ನುತ್ತೇನೆ.