ಕೈಗೆ ಎಟಕುವ ಮುರುಗಲು

ಬೇಸಿಗೆ ಬಂತೆಂದರೆ ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ನೇರಳೆ ಬಣ್ಣಕ್ಕೆ ತಿರುಗಿರುತ್ತಿದ್ದವು. ಹರಿದು ಕೊಟ್ಟ ಟಿಕೆಟಿನ ಮೇಲೂ ಅದೇ ಬಣ್ಣದ ಗುರುತು. ಭಟ್ಕಳದಿಂದ ಕುಮಟಾಕ್ಕೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರು ಅವರು. ನಾನು ಮುರ್ಡೇಶ್ವರದ ಕ್ರಾಸಿನಲ್ಲಿ ಹತ್ತಿ ಕುಮಟಾದ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ಮೊದಲ ಸಲ ಆ ಟಿಕೆಟು ತಾಗಿ ನನ್ನ ತಿಳಿಹಳದಿ ಸೀರೆಗೆ ಕಲೆಯಾದಾಗ ಸಿಟ್ಟು ನೆತ್ತಿಗೇರಿತ್ತು.

“ಮುರುಗಲು ಅಕ್ಕೋರೆ. ತೊಳೆದ್ರೆ ಹೋಗ್ತದೆ,” ಅಂದರು. ಹೋಗಲಿಲ್ಲ.

ರೈಲು ಶುರುವಾದ ಹೊಸತರಲ್ಲಿ ನನ್ನ ಜೊತೆಯವರೆಲ್ಲ ಒಬ್ಬೊಬ್ಬರಾಗಿ ರೈಲು ಹಿಡಿದರು. ನಾನು ಬಸ್ಸಿನಲ್ಲೇ ಉಳಿದೆ. ಸ್ಟೇಷನ್ನು ದೂರ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಕಂಡಕ್ಟರರ ಆಟ ನೋಡುವುದೇ ನನಗೆ ಚಟವಾಗಿತ್ತು.

ಏಪ್ರಿಲ್ ಮೇ ತಿಂಗಳಲ್ಲಿ ಪ್ರತಿ ಸ್ಟಾಪಿನಲ್ಲೂ ಯಾರಾದರೊಬ್ಬರು ಕಿಟಕಿಯಿಂದ ಬೇರೆ ಕಡೆ ಪುನರ್ಪುಳಿ, ಕೋಕಂ ಎನ್ನುವ ಈ ಮುರುಗಲು ಹಣ್ಣನ್ನು ನಾಲ್ಕು ಕೊಡುತ್ತಿದ್ದರು. ಅವರು ಅದನ್ನು ಉಗುರಿನಿಂದ ಸೀಳಿ, ಸಿಪ್ಪೆ ಹಿಸುಕಿ, ಒಳಗಿನ ಬೀಜ ನೋಡಿ, ನಾಲಿಗೆಗೆ ಮುಟ್ಟಿಸಿ ತೀರ್ಪು ಕೊಡುವವರು. “ಇದು ಸಿಪ್ಪೆ ತೆಳು. ಒಣಗಿದ್ರೆ ಕಾಗದ.” “ಇದರಲ್ಲಿ ಹುಳಿ ಉಂಟು, ಬಣ್ಣ ಇಲ್ಲ.” “ಶರಬತ್ತಿಗೆ ಸೈ, ಸಾರಿಗೆ ಬೇಡ.” ಡ್ರೈವರು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಕೊನೆಗೆ ಮಾತ್ರ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು: “ಇದು ಹಣ್ಣಾಗುದು ಯಾವಾಗ? ಮಳೆಗೆ ಮುಂಚೆಯೋ?” ಮಳೆ ಹತ್ತಿರ ಬಂದಾಗ ಎಂದು ಯಾರಾದರೂ ಹೇಳಿದರೆ, ಹಣ್ಣು ಎಷ್ಟೇ ಚೆನ್ನಾಗಿರಲಿ, ಅವರ ಮುಖ ಸಪ್ಪಗಾಗುತ್ತಿತ್ತು.

ನಮ್ಮ ಕಡೆ ಮುರುಗಲು ಹಣ್ಣಾಗುವ ಹೊತ್ತಿಗೆ ಬೇಸಿಗೆ ಮುಗಿಯುತ್ತ ಬಂದಿರುತ್ತದೆ. ಸಿಪ್ಪೆಗೆ ಒಳ್ಳೇ ಬಿಸಿಲು ಬೇಕು. ಮಳೆ ಬಿತ್ತೆಂದರೆ ಅಂಗಳದಲ್ಲಿದ್ದದ್ದು ಬೂಸಲು, ಮರದಲ್ಲಿದ್ದದ್ದು ಮಣ್ಣುಪಾಲು. ಹಾಗಾಗಿ ಕೊನೆಕೊನೆಗೆ ಎಲ್ಲರೂ ಗಡಿಬಿಡಿಯಲ್ಲಿ ಮರ ಹತ್ತುತ್ತಾರೆ. ಇಷ್ಟು ನನಗೂ ಗೊತ್ತಿತ್ತು. ಉಳಿದದ್ದು ಗೊತ್ತಾಗಿದ್ದು ಹೊನ್ನಾವರದ ನಿಲ್ದಾಣದಲ್ಲಿ ಬಸ್ಸು ಕೆಟ್ಟು ನಿಂತ ದಿನ.

“ನಿಮಗೆ ಈ ಮುರುಗಲಿನ ಹುಚ್ಚು ಎಂತಕ್ಕೆ?” ಎಂದು ತಮಾಷೆಗೇ ಕೇಳಿದ್ದೆ.

ಅವರು ಚರ್ಮದ ಚೀಲವನ್ನು ತೊಡೆಯ ಮೇಲೆ ಸರಿಸಿಕೊಂಡರು. “ನಮ್ಮನೆಯವಳು ಬಿದ್ದದ್ದು ಅದರಿಂದ. ಒಂದು ಮಳೆ ಆಗಿತ್ತು. ಉಳಿದ ಹಣ್ಣು ಹಾಳಾಗ್ತದೆ ಹೇಳಿ ಹತ್ತಿದ್ಲು. ಕೊಂಬೆ ಜಾರ್ತಿತ್ತು. ನಾ ಡ್ಯೂಟಿಯಲ್ಲಿದ್ದೆ. ಜೀವ ಉಳಿದದ್ದೇ ದೊಡ್ಡದು. ಈಗ ಗೋಡೆ ಹಿಡಕಂಡು ನಡೀತಾಳೆ. ಅವತ್ತಿಂದ ನಾ ಮುರುಗಲು ಮರ ಹತ್ತುದಿಲ್ಲ, ಯಾರನ್ನೂ ಹತ್ತಿಸುದೂ ಇಲ್ಲ.”

ನನಗೆ ಸೀರೆಯ ಕಲೆಗೆ ಜಗಳವಾಡಿದ್ದು ನೆನಪಾಯಿತು.

ಅವರು ಹುಡುಕುತ್ತಿದ್ದ, ಮಳೆಗೆ ಮುಂಚೆಯೇ ಹಣ್ಣಾಗುವ ಮರ ಸಿಕ್ಕಿದ್ದು ಮುಟ್ಟಳ್ಳಿಯಲ್ಲಿ, ಗದ್ದೆಯ ಅಂಚಿನ ಒಂದು ಹಿತ್ತಿಲಿನಲ್ಲಿ. ಬೇರೆ ಮರಗಳಲ್ಲಿ ಇನ್ನೂ ಹಸಿರು ಕಾಯಿ ಇರುವಾಗ ಅದರ ಹಣ್ಣು ಕಪ್ಪಾಗುವಷ್ಟು ಕೆಂಪಾಗಿತ್ತು. ದಪ್ಪ ಸಿಪ್ಪೆ, ಸಣ್ಣ ಬೀಜ. ಅದನ್ನು ನನ್ನ ಕೈಗಿಟ್ಟು, ಟಿಕೆಟು ಕೊಡುವುದನ್ನೇ ಮರೆತು ನಿಂತಿದ್ದರು.

ಬೀಜ ಹಾಕಿ ಬೆಳೆಸಿದರೆ ನೆಚ್ಚಿಕೆಯಿಲ್ಲ. ಎಷ್ಟೋ ಸಸಿ ಹಣ್ಣು ಬಿಡದ ಗಂಡು ಮರವಾಗಿಬಿಡುತ್ತವೆ. ಅದು ತಿಳಿಯುವುದೂ ವರ್ಷಗಟ್ಟಲೆ ನೀರು ಹಾಕಿ ಹೂ ಬಿಟ್ಟ ಮೇಲೆ. ಹಾಗಾಗಿ ಕಸಿಯೇ ಗತಿ. ನಮ್ಮ ಬಸ್ಸಿನಲ್ಲೇ ಓಡಾಡುತ್ತಿದ್ದ ತೋಟಗಾರಿಕೆಯ ಸಾಹೇಬರೊಬ್ಬರು ಸರಿಯಾಗಿಯೇ ತಿಳಿಸಿದ್ದರು: ಕಸಿಕಡ್ಡಿಯನ್ನು ಮರದ ನೆತ್ತಿಯಲ್ಲಿ ನೆಟ್ಟಗೆ ಬೆಳೆದ ಕುಡಿಯಿಂದ ತೆಗೆಯಬೇಕು, ಅಡ್ಡ ಟೊಂಗೆಯದನ್ನು ತೆಗೆದರೆ ಗಿಡ ಸಾಯುವವರೆಗೂ ಅಡ್ಡಕ್ಕೇ ಹೋಗುತ್ತದೆ. ಕಂಡಕ್ಟರು ತಲೆಯಾಡಿಸಿದರು. ಹೋಗಿ ನೆಲದ ಮೇಲೆ ನಿಂತು ಕೈಗೆ ಎಟಕಿದ ಅಡ್ಡ ಟೊಂಗೆಯ ಕಡ್ಡಿಯನ್ನೇ ಕೊಯ್ದು ತಂದರು.

ನಾನು ಗದರಿದೆ. “ನೀವು ಹತ್ತಬೇಡಿ. ಕೂಲಿಗೆ ಒಬ್ಬರನ್ನು ಕರೆದು ಹತ್ತಿಸಿ.”

“ಅವನಿಗೂ ಮನೇಲಿ ಯಾರಾದ್ರೂ ಇರ್ತಾರಲ್ಲ ಅಕ್ಕೋರೆ,” ಅಂದರು.

ಕಸಿಗಳಲ್ಲಿ ಒಂದೇ ಒಂದು ಬದುಕಿತು. ಸಾಹೇಬರು ಹೇಳಿದ ಹಾಗೇ ಅದು ಮೇಲೇಳದೆ ಅಡ್ಡಡ್ಡ ಹರಿಯತೊಡಗಿತು. “ನಿಮ್ಮ ಸೌತೆಬಳ್ಳಿ ಹ್ಯಾಂಗುಂಟು?” ಎಂದು ಡ್ರೈವರು ದಿನಾ ಕೆಣಕುತ್ತಿದ್ದ. ಅವರೂ ನಗುತ್ತಿದ್ದರು. ಅಷ್ಟರಲ್ಲಿ ಮುಟ್ಟಳ್ಳಿಯವರು ಹೊಸ ಮನೆ ಕಟ್ಟಲು ಆ ಮರವನ್ನು ಕಡಿಸಿದರು. ಸುದ್ದಿ ತಿಳಿದು, ರಜೆ ಸಿಕ್ಕಿ ಇವರು ಹೋಗಿ ನೋಡುವಾಗ ಬಿದ್ದಿದ್ದ ಕುಡಿಗಳೆಲ್ಲ ಬಿಸಿಲಿಗೆ ಬಾಡಿ ಹೋಗಿದ್ದವು. ಮರುದಿನ ಯಾವ ಸ್ಟಾಪಿನಲ್ಲೂ ಅವರು ಹಣ್ಣು ಮುಟ್ಟಲಿಲ್ಲ. ಆ ಜಾತಿಯದು ಎಂದು ಭೂಮಿಯ ಮೇಲೆ ಉಳಿದದ್ದು ಅವರ ಮನೆಯ ಹಿಂದಿನ ಆ ಸೊಟ್ಟ ಗಿಡ ಮಾತ್ರ.

ಕೆಲವು ವರ್ಷಗಳ ನಂತರ ಒಂದು ಬೇಸಿಗೆಯಲ್ಲಿ, “ಭಾನುವಾರ ಮನೆ ಬದಿಗೆ ಬನ್ನಿ,” ಎಂದು ಕರೆದರು. ಹೊನ್ನಾವರದ ಹೊಳೆಸಾಲಿನಲ್ಲಿ ಅವರ ಮನೆ. ಹಿತ್ತಿಲಿಗೆ ಕರೆದೊಯ್ದರು. ಗಿಡ ನನ್ನ ಹೆಗಲ ಎತ್ತರಕ್ಕೂ ಬಂದಿರಲಿಲ್ಲ. ಕೊಡೆ ಬಿಚ್ಚಿಟ್ಟ ಹಾಗೆ ಸುತ್ತಲೂ ಹರಡಿ, ಟೊಂಗೆಗಳು ನೆಲದತ್ತ ಬಾಗಿದ್ದವು. ಅದರ ಬುಡದಲ್ಲಿ ಮಣೆಯ ಮೇಲೆ ಅವರ ಹೆಂಡತಿ ಕೂತಿದ್ದರು. ಕೂತಲ್ಲಿಂದಲೇ ಕೈ ಚಾಚಿ ಕಪ್ಪು ಕೆಂಪು ಹಣ್ಣುಗಳನ್ನು ಕೊಯ್ದು ಬುಟ್ಟಿಗೆ ಹಾಕುತ್ತಿದ್ದರು. ಆಚೆ ಮನೆಯ ಎತ್ತರದ ಮರದಲ್ಲಿ ಕಾಯಿಗಳು ಇನ್ನೂ ಹಸಿರಾಗಿದ್ದವು.

“ಎಷ್ಟು ವರ್ಷ ಆತು ನಾ ಹಣ್ಣು ಕೊಯ್ದು,” ಎಂದರು ಆಕೆ, ನನ್ನತ್ತ ನೋಡದೆ.

ಕಂಡಕ್ಟರು ಬಾವಿಕಟ್ಟೆಗೆ ಒರಗಿ ನೋಡುತ್ತಿದ್ದರು. ನನಗೆ ಅಳು ಬಂತು, ಅತ್ತುಬಿಟ್ಟೆ. ಇಬ್ಬರೂ ನೋಡಿಯೂ ನೋಡದ ಹಾಗಿದ್ದರು.

ನಿವೃತ್ತರಾದ ಮೇಲೆ ಅದರಿಂದಲೇ ಕಸಿ ಕಟ್ಟಿ ಕೇಳಿದವರಿಗೆಲ್ಲ ಕೊಟ್ಟರು. ಕೊಡುವ ಮೊದಲು ಗಿಡದ ಗುಣವನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು: “ಎತ್ತರ ಬರುದಿಲ್ಲ. ಜಾಗ ತಿಂತದೆ. ನೆಟ್ಟಗೆ ಮಾಡುಕೆ ಕೋಲು ಕಟ್ಬೇಡಿ. ಹಣ್ಣು ಮಳೆಗೆ ಮುಂಚೆ. ಏಣಿ ಬೇಡ.” ನನಗೆ ಒಂದು ಗಿಡವನ್ನು ತಾವೇ ತಂದುಕೊಟ್ಟರು, ತಮ್ಮದೇ ಹಳೆಯ ಬಸ್ಸಿನಲ್ಲಿ, ಮಡಿಲಲ್ಲಿಟ್ಟುಕೊಂಡು, ಟಿಕೆಟು ತೆಗೆದು.

ಅವರು ಹೋದದ್ದು ಒಂದು ಮೇ ತಿಂಗಳ ಕೊನೆಗೆ. ಹೃದಯದ ಕಾಯಿಲೆಯಿಂದ ಮೊದಲೇ ಹಾಸಿಗೆ ಹಿಡಿದಿದ್ದರು. ನಾನು ಹೋದಾಗ ಆಗಲೇ ಎಲ್ಲ ಮುಗಿದಿತ್ತು, ಹೊರಗೆ ಮೊದಲ ಮಳೆ ಹೊಡೆಯುತ್ತಿತ್ತು. ಜಗಲಿಯ ಮೂಲೆಯಲ್ಲಿ ಒಣಗಿದ ಸಿಪ್ಪೆ ತುಂಬಿದ ಡಬ್ಬಿಗಳಿದ್ದವು. ಅವರ ಹೆಂಡತಿ ನನ್ನ ಕೈ ಹಿಡಿದು ಕೂರಿಸಿಕೊಂಡರು. ಆಕೆಯ ಬೆರಳುಗಳು ನೇರಳೆಯಾಗಿದ್ದವು.

“ನಿನ್ನೆ ಮೋಡ ಆಗಿತ್ತು. ಈ ಸಲದ ಹಣ್ಣು ಎಲ್ಲ ಕೊಯ್ದಾತು, ಒಣಗಿ ಒಳಗೆ ಬಂತು ಹೇಳಿ ಅವ್ರ ಕಿವಿ ಹತ್ರ ಹೇಳ್ದೆ. ಕಣ್ಣು ಬಿಟ್ರು. ‘ಹತ್ಲಿಲ್ಲ ಅಲ್ದಾ?’ ಕೇಳಿದ್ರು. ಇಲ್ಲ ಅಂದೆ. ಮತ್ತೆ ಮಾತಾಡ್ಲಿಲ್ಲ.”

ಮುರ್ಡೇಶ್ವರದ ನಮ್ಮ ಅಂಗಳದಲ್ಲಿ ಆ ಗಿಡ ಅರ್ಧ ಜಾಗ ತಿಂದು ಕೂತಿದೆ. ನೋಡಿದವರೆಲ್ಲ ಕೋಲು ಕಟ್ಟಿ ನೆಟ್ಟಗೆ ಮಾಡಿ ಎನ್ನುತ್ತಾರೆ. ನಾನು ಕಟ್ಟಿಲ್ಲ.