ಮೊದಲೇ ಹಾಡಿಸಿದ ಮಂಗಳ

ದೊಡ್ಡಬಳ್ಳಾಪುರದ ಬೇಸಿಗೆ ಸಂಗೀತ ಶಿಬಿರದಲ್ಲಿ ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಕೊನೆಯ ದಿನ ಒಬ್ಬೊಬ್ಬರೂ ಒಂದೊಂದು ಕೃತಿ ಹಾಡುವುದು, ಎಲ್ಲ ಮುಗಿದ ಮೇಲೆ ಒಟ್ಟಿಗೆ ಮಂಗಳ ಹಾಡುವುದು ಎಂದು ಮಾತಾಗಿತ್ತು.

ಮುಖ್ಯ ಅತಿಥಿ ಬಂದದ್ದೇ ತಡವಾಗಿ. ಬಂದವರು ಶಾಸ್ತ್ರೀಯ ಸಂಗೀತ ಉಳಿಸಬೇಕೆಂದು ಉದ್ದನೆಯ ಭಾಷಣ ಬಿಗಿದರು. ಆಮೇಲೆ ಇಬ್ಬರು ಹಾಡಿದ್ದರಷ್ಟೆ, ಶಿಬಿರದ ಕಾರ್ಯದರ್ಶಿ ಓಡಿಬಂದರು.

"ಮೇಡಂ, ಸಾಹೇಬ್ರು ಹೊರಡ್ಬೇಕಂತೆ. ಮಂಗಳ ಹಾಡಿಸ್ಬಿಡಿ, ಫೋಟೋ ತೆಗೆದ್ಬಿಡ್ತೀವಿ. ಮಿಕ್ಕೋರು ಆಮೇಲೆ ಹಾಡ್ಕೊಳ್ಳಲಿ."

ಹಾಡ್ಕೊಳ್ಳಲಿ! ತಿಂಗಳೆಲ್ಲ ಗಂಟಲು ಹರಿದುಕೊಂಡ ಮಕ್ಕಳು ಖಾಲಿ ಕುರ್ಚಿಗಳಿಗೆ ಹಾಡಿಕೊಳ್ಳಬೇಕಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಆಗುವುದಿಲ್ಲ ಎಂದೆ. ಅವರು ಕೇಳಿಸಿಕೊಳ್ಳಲೇ ಇಲ್ಲ, ತಾವೇ ಮೈಕು ಹಿಡಿದು, "ಮಕ್ಳೇ, ಈಗ ಮಂಗಳ!" ಎಂದು ಕೂಗಿದರು. ಪಾಪ, ಮಕ್ಕಳು ಹಾಡಿಯೂಬಿಟ್ಟವು.

ಫೋಟೋ ಆಯಿತು. ಅತಿಥಿಯ ಕಾರು ಹೊರಟಿತು, ಹಿಂದೆಯೇ ಅರ್ಧ ಸಭೆ ಎದ್ದಿತು. ಮುಂದಿನ ಸರದಿ ಕುಂದಾಣದಿಂದ ಬರುತ್ತಿದ್ದ ಹುಡುಗಿಯದು. ರೇಷ್ಮೆ ಲಂಗ ಸರಿಮಾಡಿಕೊಂಡು ಮೈಕಿನ ಮುಂದೆ ಕೂತವಳು ಬಾಯಿಯನ್ನೇ ತೆರೆಯಲಿಲ್ಲ.

"ಹಾಡಮ್ಮ, ನಾನು ಕೇಳ್ತೀನಿ" ಎಂದೆ.

ಅವಳು ನನ್ನನ್ನೇ ದುರುಗುಟ್ಟಿ ನೋಡಿದಳು.

"ಮಂಗಳ ಆದ್ಮೇಲೆ ಏನೂ ಹಾಡ್ಬಾರ್ದು ಅಂತ ನೀವೇ ಅಲ್ವಾ ಮಿಸ್ ಹೇಳ್ಕೊಟ್ಟಿದ್ದು?"